ತಂಗಿ ಮೆಕ್ಯಾನಿಕ್ ಆದ ದಿನ

ಕಾರಿನ ಮೂತಿ ನನ್ನ ಸ್ಕೂಟರಿನ ಹಿಂದಿನ ಚಕ್ರಕ್ಕೆ ತಾಗಿತು.

ಎರಡನೇ ಸಲ!

ಹ್ಯಾಂಡಲ್ ಕೈಯಲ್ಲಿ ಮೀನಿನ ಹಾಗೆ ಒದ್ದಾಡಿತು. ಎಡಗಡೆ ಸೇತುವೆಯ ಕಂಬಿ, ಕಂಬಿಯಾಚೆ ಬರೀ ಗಾಳಿ, ಗಾಳಿಯ ಕೆಳಗೆ ಕಪ್ಪು ನೀರು. ಬಲಗಡೆ ಸಿಮೆಂಟ್ ಲಾರಿ. ನಡುವೆ ನಾನು... ಐವತ್ತರ ಹತ್ತಿರದ ಹೆಂಗಸು, ಸವೆದ ಟೈರು, ಬಾಯಿ ತುಂಬ ಬೈಗುಳ.

ಹೆಲ್ಮೆಟ್ಟಿನೊಳಗೆ ಸಿಕ್ಕಿಸಿದ್ದ ಇಯರ್‌ಫೋನು ಮಾತಾಡಿತು.

"ನಿಧಾನ ಅಕ್ಕಾ. ಬ್ರಿಡ್ಜ್ ಮೇಲೆ ಯಾಕಷ್ಟು ಸ್ಪೀಡು? ಬಿದ್ದುಗಿದ್ದೀರಿ."

"ಹಿಂದಿಂದ ಗುದ್ದಿ, ಬುದ್ಧಿ ಬೇರೆ ಹೇಳ್ತೀಯೇನೋ?"

"ಗುದ್ದಿದ್ದಲ್ಲ ಅಕ್ಕಾ, ಮುಟ್ಟಿದ್ದು. ಎಲ್ಲಿಗೆ ಹೊರಟಿದ್ದೀರಿ ಹೇಳಿ, ನಾನೂ ಆರಾಮಾಗಿ ಬರ್ತೀನಿ."

"ನಿನ್ನ ಹೆಣ ಹೊರೋಕೆ!"

"ಜಾಗ ಹೇಳಿ. ಮೊದಲೇ ಹೋಗಿ ಮಲಗಿರ್ತೀನಿ."

ನಕ್ಕ. ಅವನ ನಗು ಯಾವಾಗಲೂ ಹಾಗೆಯೇ, ಬೆಣ್ಣೆಯಲ್ಲಿ ಕತ್ತಿ ಹಾಯ್ದ ಹಾಗೆ.

ಅವನು ನನ್ನ ತಂಗಿಯ ಗಂಡ.

ಊರ ನಡುವಿನ ಆ ಸೇತುವೆ ಮುಗಿಯುತ್ತಲೇ ಕಣ್ಣಿಗೆ ಬಿದ್ದ ಪೆಟ್ರೋಲ್ ಬಂಕಿಗೆ ಸ್ಕೂಟರ್ ನುಗ್ಗಿಸಿದೆ. ಜನ ಇದ್ದರು, ಕ್ಯಾಮೆರಾ ಇತ್ತು. ಅವನು ಒಳಗೆ ಬರಲಿಲ್ಲ. ರಸ್ತೆಯಾಚೆ ಮರದ ನೆರಳಲ್ಲಿ ಕಾರು ನಿಲ್ಲಿಸಿ, ಗಾಜು ಇಳಿಸಿ, ನನಗೆ ಕೈ ಬೀಸಿದ. ಬಂಕಿಗೆ ಇದ್ದದ್ದು ಒಂದೇ ದಾರಿ. ಆ ದಾರಿಯ ಎದುರಿಗೇ ಅವನ ಕಾರು.

ನೀವು ಕೇಳಬಹುದು, ಅಲ್ಲೇ ಕೂತಿದ್ದರೆ ಆಗುತ್ತಿತ್ತಲ್ಲ ಅಂತ.

ಆಗುತ್ತಿರಲಿಲ್ಲ! ಅದೇ ಸಂಕಟ. ನಾನು ತಂಗಿಯ ಹತ್ತಿರ ಹೋದರೆ ಅವನು ನನ್ನ ಬೆನ್ನು ಹಿಡಿದು ಅವಳನ್ನು ಕಂಡುಹಿಡಿಯುತ್ತಾನೆ. ಹೋಗದಿದ್ದರೆ, ಮೂರು ಗಂಟೆಗೆ ಅವಳ ಲ್ಯಾಪ್‌ಟಾಪೇ ಅವನನ್ನು ಕರೆದು ವಿಳಾಸ ಹೇಳುತ್ತದೆ.

ಬಂಕಿನ ಗಡಿಯಾರದಲ್ಲಿ ಆಗ ಎರಡು ದಾಟಿತ್ತು.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದವಳು. ಮೇಲಿನವನೊಬ್ಬನ ಕೆನ್ನೆಗೆ ಬಾರಿಸಿ ಹೊರಗೆ ಬಂದೆ. ಬಾರಿಸಿದ್ದಕ್ಕೆ ಇವತ್ತಿಗೂ ಬೇಜಾರಿಲ್ಲ. ಆಮೇಲೆ ಹೊಟ್ಟೆಪಾಡಿಗೆ ಹಿಡಿದದ್ದು ಹುಡುಕುವ ಕೆಲಸ. ಓಡಿಹೋದವರು, ತಲೆಮರೆಸಿಕೊಂಡವರು, ಕೋರ್ಟ್ ನೋಟಿಸು ಕಂಡರೆ ಹಿತ್ತಲಿಂದ ಜಿಗಿಯುವವರು... ಎಲ್ಲರನ್ನೂ ಹುಡುಕಿ ಕೊಟ್ಟಿದ್ದೇನೆ. ಈ ಸಲ ಕಸುಬೇ ತಲೆಕೆಳಗಾಗಿತ್ತು. ಒಬ್ಬಳು ಯಾರಿಗೂ ಸಿಗದ ಹಾಗೆ ನೋಡಿಕೊಳ್ಳಬೇಕಿತ್ತು.

ತಂಗಿ ಲಿಫ್ಟ್ ಕಂಪನಿಯೊಂದರಲ್ಲಿ ನಕ್ಷೆ ಬರೆಯುತ್ತಾಳೆ. ಯಾವ ಕಟ್ಟಡದಲ್ಲಿ ಲಿಫ್ಟಿನ ಬಾವಿ ಎಷ್ಟು ಅಗಲ, ಪೆಟ್ಟಿಗೆ ಎಷ್ಟು ಎತ್ತರ, ಹಗ್ಗ ಎಲ್ಲಿಂದ ಎಲ್ಲಿಗೆ, ಎಲ್ಲ ಅವಳ ಗೆರೆ. ಮೆಕ್ಯಾನಿಕ್‌ಗಳು ಅವಳನ್ನು ಡ್ರಾಯಿಂಗಮ್ಮ ಅನ್ನುತ್ತಾರೆ. ಗಂಡನೂ ಅದೇ ಕಂಪನಿಯಲ್ಲಿ ಕಂಪ್ಯೂಟರ್ ಅಡ್ಮಿನ್. ಆಫೀಸಿನ ಪ್ರತಿಯೊಂದು ಕಂಪ್ಯೂಟರಿನ ಜುಟ್ಟು ಅವನ ಕೈಯಲ್ಲಿ. ಎದುರಿಗೆ ಸಿಕ್ಕವರಿಗೆಲ್ಲ "ಊಟ ಆಯ್ತಾ?" ಅನ್ನುವವನು. ಮನೆಯ ಬಾಗಿಲು ಹಾಕಿದ ಮೇಲೆ ಹೆಂಡತಿಗೆ ಏನು ಕೇಳುತ್ತಿದ್ದ ಅನ್ನುವುದು ಅವಳ ಬೆನ್ನಿನ ಮೇಲೆ ಇತ್ತು.

ಅವಳು ಒಂದು ಬ್ಯಾಗು, ಒಂದು ಲ್ಯಾಪ್‌ಟಾಪು ಹಿಡಿದು ನನ್ನ ಬಾಗಿಲಿಗೆ ಬಂದಳು. ಫೋನನ್ನು ನಾನೇ ಕಿತ್ತು ಆಫ್ ಮಾಡಿದೆ. ಊರಿನ ಈ ತುದಿಯಲ್ಲಿ, ನನಗೆ ಅಕ್ಷರ ಕಲಿಸಿದ ಟೀಚರ ಮನೆಯ ಮಹಡಿಯಲ್ಲಿ ಬಿಟ್ಟೆ.

"ಲ್ಯಾಪ್‌ಟಾಪೂ ಬೇಡ ಕಣೇ" ಅಂದೆ.

"ಅದು ಅವನದಲ್ಲಕ್ಕ, ಆಫೀಸಿಂದು. ಆಸ್ಪತ್ರೆ ಲಿಫ್ಟಿನ ಡ್ರಾಯಿಂಗ್ ಕಳಿಸ್ಲಿಲ್ಲ ಅಂದ್ರೆ, ಕೆಲಸ ಬಿಟ್ಟು ಓಡಿಹೋದ್ಲು ಅಂತ ಅವನು ಓನರ್ ಕಿವಿ ಊದ್ತಾನೆ. ನನಗೆ ಇರೋದೇ ಇದೊಂದು ಕೆಲಸ."

ಸರಿ ಅನ್ನಿಸಿತು. ನೆಟ್ಟಿಗೆ ಡಾಂಗಲ್ ಕೂಡ ನಾನೇ ತಂದುಕೊಟ್ಟೆ. ಶುಕ್ರವಾರ ಮೂರು ಗಂಟೆಗೆ ಸಿಕ್ಕಿಸುತ್ತೇನೆ, ಡ್ರಾಯಿಂಗ್ ಕಳಿಸಿ ಕಿತ್ತುಬಿಡುತ್ತೇನೆ ಅಂದಿದ್ದಳು. ಅವಳದು ಮಾತು ಅಂದರೆ ಮಾತು. ಗೆರೆ ಎಳೆದ ಹಾಗೆ.

ಇವತ್ತು ಶುಕ್ರವಾರ.

ಒಂದು ಗಂಟೆ ಹೊತ್ತಿಗೆ ನನಗೊಂದು ಫೋನ್ ಬಂದಿತ್ತು. ಮಾಡಿದವನು ಅದೇ ಆಫೀಸಿನ ಹೆಲ್ಪ್ ಡೆಸ್ಕಿನವನು. ದಪ್ಪ ಗಾಜು, ಸಣ್ಣ ದನಿ. ಎಲ್ಲರೂ ಕನ್ನಡಕ ಅಂತಲೇ ಕರೆಯುತ್ತಾರೆ. ತನ್ನ ನೆರಳಿಗೂ "ಎಕ್ಸ್‌ಕ್ಯೂಸ್ ಮಿ" ಹೇಳುವ ಜಾತಿ.

"ಮೇಡಂ... ನಿಮ್ಮ ತಂಗಿ ಇವತ್ತಿಂದ ಮೆಕ್ಯಾನಿಕ್ ಆಗಿದ್ದಾರೆ."

"ಕುಡಿದಿದ್ದೀಯಾ?"

"ಇಲ್ಲ ಮೇಡಂ. ಸಾರ್, ಅಂದ್ರೆ ಅವರ ಗಂಡ, ಬೆಳಿಗ್ಗೆ ಅವರನ್ನ ಮೆಕ್ಯಾನಿಕ್ ಗ್ರೂಪಿಗೆ ಸೇರಿಸಿದ್ದಾರೆ. ನಾನು ಸ್ಕ್ರೀನಲ್ಲಿ ನೋಡ್ದೆ."

"ಅದಕ್ಕೆ ನಾನೇನು ಮಾಡ್ಲಿ? ಸ್ಪ್ಯಾನರ್ ಕೊಡಿಸ್ಲಾ?"

"ಮೆಕ್ಯಾನಿಕ್‌ಗಳಿಗೆ ಒಂದು ಆ್ಯಪ್ ಇದೆ ಮೇಡಂ. ಯಾರು ಎಲ್ಲಿದ್ದಾರೆ ಅಂತ ಮ್ಯಾಪಲ್ಲಿ ಕೆಂಪು ಚುಕ್ಕೆ ತೋರಿಸುತ್ತೆ."

"ಬಿಡಿಸಿ ಹೇಳು" ಅಂದೆ.

ಅವನು ಬಿಡಿಸಿ ಹೇಳಿದ. ಆಫೀಸಿನ ಕಂಪ್ಯೂಟರುಗಳಿಗೆ ಆ್ಯಪ್ ಹಾಕಲು ಈಗ ಯಾರೂ ಕಂಪ್ಯೂಟರ್ ಮುಟ್ಟುವುದಿಲ್ಲವಂತೆ. ಅಡ್ಮಿನ್ ತನ್ನ ಕುರ್ಚಿಯಲ್ಲೇ ಕೂತು, ಸ್ಟೋರಿನಿಂದ ಆ್ಯಪ್ ಆರಿಸಿ, ಯಾವ ಗುಂಪಿಗೆ ಬೇಕೋ ಆ ಗುಂಪಿಗೆ ಕ್ಲೌಡಿನ ಮೂಲಕ ಹಚ್ಚುತ್ತಾನೆ. ಎರಡು ಬಗೆ. ಒಂದು ಅವೇಲಬಲ್: ಬೇಕಾದರೆ ಹಾಕ್ಕೋ. ಇನ್ನೊಂದು ರಿಕ್ವೈರ್ಡ್: ಹಾಕ್ಕೊಳ್ಳಲೇಬೇಕು. ರಿಕ್ವೈರ್ಡ್ ಅಂದರೆ ಕೇಳುವುದಿಲ್ಲ, ಹೇಳುವುದಿಲ್ಲ. ಕಂಪ್ಯೂಟರಿಗೆ ನೆಟ್ ಸಿಕ್ಕಿತೋ, ತಾನಾಗಿ ಇಳಿಯಿತು. ತೆಗೆದು ಹಾಕಿದರೆ ಮತ್ತೆ ಬಂತು.

"ಲೊಕೇಶನ್ನೂ ಆಫ್ ಮಾಡೋಕಾಗದ ಹಾಗೆ ಲಾಕ್ ಮಾಡಿದ್ದಾರೆ ಮೇಡಂ."

"ಅವಳ ಹೆಸರು ತೆಗೆದುಬಿಡು!"

"ನನಗೆ ನೋಡೋ ಹಕ್ಕು ಮಾತ್ರ ಮೇಡಂ. ಬದಲಾಯಿಸೋ ಹಕ್ಕು ಸಾರ್‌ಗೆ."

"ಓನರ್‌ಗೆ ಹೇಳು."

"ಹೇಳ್ದೆ. ಗಂಡ-ಹೆಂಡ್ತಿ ಜಗಳದಲ್ಲಿ ಮೂಗು ತೂರಿಸಬೇಡ ಅಂದ್ರು."

ನಾನು ಹಳೇ ಸ್ಟೇಷನ್ನಿಗೆ ಫೋನ್ ಮಾಡಿದೆ. ನನ್ನ ಜೊತೆಗೇ ಲಾಠಿ ಹಿಡಿದವರು ಅಲ್ಲಿದ್ದಾರೆ. ಅವರೂ ಅದನ್ನೇ ಅಂದರು, ಅದೇ ಪದ, ಅದೇ ಆಕಳಿಕೆ. ಏನಾದರೂ ಆದ ಮೇಲೆ ಬರುತ್ತಾರಂತೆ!

ಕನ್ನಡಕ ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದ್ದ. ಅಷ್ಟು ಮೆಲ್ಲಗೆ ಹೇಳಿದ್ದ ಅಂದರೆ, ಎರಡು ಸಲ ಕೇಳಬೇಕಾಯಿತು.

"ಯುಪಿಎಸ್ ರೂಮಲ್ಲಿ ಬ್ಯಾಟರಿಗೆ ಹಾಕೋ ಆಸಿಡ್ ಇರುತ್ತಲ್ಲ ಮೇಡಂ... ಒಂದು ಕ್ಯಾನ್ ಕಾಣ್ತಿಲ್ಲ."

ಅದಕ್ಕೇ ಸೇತುವೆಯ ಮೇಲೆ ಅಷ್ಟು ವೇಗ.

ಬಂಕಿನ ಶೌಚಾಲಯದೊಳಗೆ ಹೋಗಿ ಚಿಲಕ ಹಾಕಿಕೊಂಡೆ. ಟೀಚರಿಗೆ ಫೋನ್ ಹಚ್ಚಿದೆ. ರಿಂಗಾಯಿತು... ರಿಂಗಾಯಿತು... ನಿಂತಿತು. ಟೀಚರಿಗೆ ಕಿವಿ ಕೇಳುವುದಿಲ್ಲ. ಪಕ್ಕದಲ್ಲಿ ಬಂಡೆ ಒಡೆದರೂ "ಯಾರೋ ಕೆಮ್ಮಿದ್ರಾ?" ಅನ್ನುತ್ತಾರೆ. ಎಂಟು ಸಲ ಹಚ್ಚಿದೆ. ಅವಿತಿಡಲು ಅದಕ್ಕಿಂತ ಒಳ್ಳೆಯ ಮನೆ ಇಲ್ಲ ಅಂದುಕೊಂಡಿದ್ದೆ ನೋಡಿ! ಹೊರಗಿನ ಸುದ್ದಿ ಒಳಗೆ ಹೋಗದ ಮನೆ. ಆ ಜಾಣತನಕ್ಕೆ ನನ್ನ ತಲೆಯನ್ನೇ ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಕನ್ನಡಕನಿಗೆ ಹಚ್ಚಿದೆ.

"ಅವನು ನನ್ನ ಹಿಂದೆ ಬಿದ್ದಿದ್ದಾನೆ. ಅಲ್ಲಾಡೋಕಾಗ್ತಿಲ್ಲ."

"ನಾನೇ ಹೋಗಿ ಹೇಳಿಬರ್ಲಾ ಮೇಡಂ?"

"ನೀನಿರೋದು ಊರಿನ ಆ ತುದಿ. ಅವಳಿರೋದು ಈ ತುದಿ. ಈ ಟ್ರಾಫಿಕ್ಕಲ್ಲಿ ನೀನು ಬರೋಷ್ಟರಲ್ಲಿ ಕತೆ ಮುಗಿದಿರುತ್ತೆ. ಬೇರೆ ಏನಾದ್ರೂ ದಾರಿ ಹೇಳು. ಆ ಲ್ಯಾಪ್‌ಟಾಪಿಗೆ ಬರೋ ಆ್ಯಪನ್ನ ದಾರೀಲಿ ತಡೆಯೋಕಾಗಲ್ವಾ?"

"ಲ್ಯಾಪ್‌ಟಾಪಿಗೆ ಬರೋದಲ್ಲ ಮೇಡಂ ಅದು. ಅವರಿಗೆ ಬರೋದು."

"ಅಂದ್ರೆ?"

"ಮೆಕ್ಯಾನಿಕ್‌ಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಅಂತ ಲ್ಯಾಪ್‌ಟಾಪ್ ಇಲ್ಲ. ಇವತ್ತು ಇದು, ನಾಳೆ ಅದು. ಅದಕ್ಕೆ ಅವರ ಗ್ರೂಪಲ್ಲಿ ಮಷೀನುಗಳಿಲ್ಲ, ಜನ ಇದ್ದಾರೆ. ಮನುಷ್ಯ ಯಾವ ಮಷೀನಲ್ಲಿ ಲಾಗಿನ್ ಆಗ್ತಾನೋ, ಆ್ಯಪ್ ಅಲ್ಲಿಗೆ ಹಿಂದೆ ಹಿಂದೆ ಹೋಗುತ್ತೆ. ಸಾರ್ ಅವಸರದಲ್ಲಿ ರೆಡಿ ಇದ್ದ ಗ್ರೂಪಿಗೇ ಸೇರಿಸಿಬಿಟ್ಟಿದ್ದಾರೆ. ನಾನಾಗಿದ್ರೆ..."

ನಾನು ಗೋಡೆಗೆ ಒರಗಿದೆ. ನಲ್ಲಿ ತೊಟ್ಟಿಕ್ಕುತ್ತಿತ್ತು. ತಲೆಯೊಳಗೆ ಏನೋ ಸೊಯ್ಯಂತ ಹೊತ್ತಿಕೊಂಡಿತು.

"ತಡಿ. ನನ್ನ ತಂಗಿ ಹೆಸರಲ್ಲಿ ನೀನು ಬೇರೆ ಮಷೀನಲ್ಲಿ ಲಾಗಿನ್ ಆದ್ರೆ?"

"ಆಫೀಸ್ ಮಷೀನ್ ಆಗಿದ್ರೆ... ಆ್ಯಪ್ ಅಲ್ಲಿ ಇಳಿಯುತ್ತೆ."

"ಚುಕ್ಕೆ?"

"ಅಲ್ಲಿ ಬರುತ್ತೆ."

"ಯಾವ ಮಷೀನು ಅಂತ ಮ್ಯಾಪಲ್ಲಿ ಕಾಣುತ್ತಾ?"

"ಹೆಸರು ಮಾತ್ರ ಮೇಡಂ. ಒಂದು ಹೆಸರಿಗೆ ಒಂದೇ ಚುಕ್ಕೆ, ಕೊನೇಲಿ ಲಾಗಿನ್ ಆದ ಕಡೆ." ಅಷ್ಟರಲ್ಲಿ ಅವನಿಗೆ ಹೊಳೆಯಿತು. "ಅಯ್ಯಯ್ಯೋ, ಬೇಡ ಮೇಡಂ! ಬೇರೆಯವರ ಲಾಗಿನ್ ಉಪಯೋಗಿಸಿದ್ರೆ ನನ್ನ ಕೆಲಸ ಹೋಗುತ್ತೆ!"

"ಅವಳ ಮುಖ ಹೋದ್ರೆ ಪರವಾಗಿಲ್ವಾ?"

ಕೆಲವರನ್ನು ಬೈದರೆ ಕೆಲಸ ಆಗುತ್ತದೆ, ಕೆಲವರನ್ನು ಸುಮ್ಮನೆ ಬಿಟ್ಟರೆ ಆಗುತ್ತದೆ. ನನಗೆ ಎರಡನೆಯದು ಕಷ್ಟ. ಹಲ್ಲು ಕಚ್ಚಿ ಕಾದೆ.

"ಮೆಕ್ಯಾನಿಕ್ ಕಪಾಟಲ್ಲಿ ಒಂದು ಲ್ಯಾಪ್‌ಟಾಪ್ ಇದೆ" ಅಂದ ಕೊನೆಗೆ. "ಎಲ್ಲಿಗೆ ಒಯ್ಯಲಿ?"

"ನಿಮ್ಮ ಆಫೀಸಿನ ಹಿಂದೆ ಹನ್ನೆರಡು ಮಹಡಿ ಕಟ್ಟಡ ಏಳ್ತಿದೆಯಲ್ಲ. ಅದರ ಲಿಫ್ಟಿನ ಡ್ರಾಯಿಂಗ್ ಇವಳದೇ. ಮನೆಗಳೆಲ್ಲ ಖಾಲಿ. ಇವಳು ಅಲ್ಲಿ ಅವಿತಿದ್ದಾಳೆ ಅಂದ್ರೆ ಅವನು ನಂಬ್ತಾನೆ. ಮೇಲಿನ ಮಹಡಿಗೆ ಹೋಗಿ ಲಾಗಿನ್ ಆಗು, ಮಷೀನ್ ಅಲ್ಲೇ ಬಿಡು, ಮೆಟ್ಟಿಲಲ್ಲಿ ಇಳಿದು ಓಡು."

"ಪಾಸ್‌ವರ್ಡ್?"

ಗಂಡನ ಮನೆ ಬಿಟ್ಟ ದಿನ ಅವಳ ಪಾಸ್‌ವರ್ಡ್ ಬದಲಾಯಿಸಿದ್ದು ನಾನೇ. ಏನಿಡಲಿ ಅಂತ ಕೇಳಿದ್ದಳು. ಬಾಯಿಗೆ ಬಂದ ಬೈಗುಳ ಹೇಳಿದ್ದೆ. ಈಗ ಕನ್ನಡಕನಿಗೂ ಅದನ್ನೇ ಬಿಡಿಸಿ ಹೇಳಿದೆ.

"ಮೇಡಂ... ಇದನ್ನ ಟೈಪ್ ಮಾಡ್ಬೇಕಾ?"

"ಹೌದು."

"ಪೂರ್ತಿನಾ?"

"ಕೊನೇಲಿ ಅವನ ಅಪ್ಪನ್ನೂ ಸೇರಿಸು. ಆಮೇಲೆ ಒಂದು ಎರಡು ಮೂರು."

ಮುಂದಿನ ಫೋನು ಮೇಸ್ತ್ರಿಗೆ. ಮೆಕ್ಯಾನಿಕ್‌ಗಳ ಯಜಮಾನ. ಹಗ್ಗ ಎಳೆದೆಳೆದು ಅಂಗೈ ಚರ್ಮ ಚಪ್ಪಲಿಯ ಹಾಗಾದ ಮುದುಕ. ಆ ಕಟ್ಟಡದ ಲಿಫ್ಟಿನ ಕೆಲಸ ಅವನದೇ. ನಾಲ್ಕು ಮಾತಲ್ಲಿ ಹೇಳಿದೆ.

"ಆ ಚುಕ್ಕೆ ನನ್ಮಗ!" ಅಂದ ಮೇಸ್ತ್ರಿ. "ಅವನ ಆ್ಯಪ್ ಬಂದಾಗಿಂದ ನಮಗೆ ಜೀವನ ಇಲ್ಲ ತಾಯಿ. ಬೀಡಿ ಹಚ್ಚೋಕೆ ನಿಂತ್ರೆ ಫೋನ್ ಮಾಡ್ತಾನೆ, ಯಾಕ್ ಚುಕ್ಕೆ ಅಲ್ಲಾಡ್ತಿಲ್ಲ ಅಂತ! ಮೂತ್ರಕ್ಕೆ ಹೋದ್ರೂ ಲೆಕ್ಕ ಕೇಳ್ತಾನೆ. ಬರ್ಲಿ. ನಮ್ಮ ಡ್ರಾಯಿಂಗಮ್ಮನ ಮೈ ಮುಟ್ಟಿದವನು ಬರ್ಲಿ."

"ಕೈ ಮಾಡ್ಬೇಡ ಮೇಸ್ತ್ರಿ. ಕೈಯಲ್ಲಿ ಆಸಿಡ್ ಇರುತ್ತೆ. ಮೇಲೆ ಹೋದ್ಲು ಅಂತ ಕೈ ತೋರ್ಸು, ಸಾಕು. ಅವನು ಹನ್ನೆರಡು ಮಹಡಿ ಹುಡುಕೋಷ್ಟರಲ್ಲಿ ನಾನು ಇವಳನ್ನ ಸಾಗಿಸ್ತೀನಿ."

ಹೊರಗೆ ಬಂದು ಸ್ಕೂಟರ್ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಟೈರ್ ನೋಡುವ ನಾಟಕ. ಕಣ್ಣು ರಸ್ತೆಯಾಚೆ.

ಕಾಯುವುದು ಅಂದರೆ ನನಗೆ ಹಲ್ಲು ಕೀಳಿಸಿಕೊಂಡ ಹಾಗೆ.

ಗಡಿಯಾರ ಎರಡೂವರೆಯ ಹತ್ತಿರ ಬಂತು. ಅವನು ಕಾರಿನಲ್ಲಿ ಕೂತು ಬಾಟಲಿಯ ನೀರು ಕುಡಿದ. ಕನ್ನಡಿಯಲ್ಲಿ ತಲೆ ಬಾಚಿದ. ಕನ್ನಡಕ ಹೆದರಿ ಓಡಿಹೋದನೇ? ಪಾಸ್‌ವರ್ಡಲ್ಲಿ ಅಪ್ಪನನ್ನು ಬಿಟ್ಟನೇ?

ಆಗ ಕಾರಿನೊಳಗೆ ಅವನು ಫೋನ್ ಕೈಗೆತ್ತಿಕೊಂಡ. ನೋಡಿದ.

ಮತ್ತೆ ನೋಡಿದ... ಹತ್ತಿರ ಹಿಡಿದು!

ಅವನ ಮುಖದ ಮೇಲೆ ಮೂಡಿದ್ದು ಕೋಪವಲ್ಲ. ಕೋಪವಾಗಿದ್ದರೆ ನನಗಷ್ಟು ಭಯವಾಗುತ್ತಿರಲಿಲ್ಲ. ಕಳೆದ ಕೊಡೆ ಸಿಕ್ಕಿದವನ ಸಮಾಧಾನ ಅದು.

ನನ್ನ ಫೋನು ರಿಂಗಾಯಿತು. ಮತ್ತೆ ಕಿವಿಯಲ್ಲಿ ಅವನೇ ಮಾತಾಡಿದ.

"ಅಕ್ಕಾ, ನನಗೊಂದು ಅರ್ಜೆಂಟ್ ಕೆಲಸ ಬಂತು. ನೀವು ಮನೆಗೆ ಹೋಗಿ ರೆಸ್ಟ್ ತಗೊಳ್ಳಿ. ಬಿಸಿಲು ಜಾಸ್ತಿ ಇದೆ."

ಕಾರು ತಿರುಗಿತು. ಹಿಂದಿನ ಸೀಟಿನಲ್ಲಿ ಬಿಳಿ ಕ್ಯಾನು. ಸೀಟ್ ಬೆಲ್ಟ್ ಹಾಕಿ ಕೂರಿಸಿದ್ದ. ಮಗುವನ್ನು ಕೂರಿಸಿದ ಹಾಗೆ!

ಕಾರು ಸೇತುವೆಯ ತಿರುವಿನಲ್ಲಿ ಮರೆಯಾದದ್ದೇ ನಾನು ಸ್ಕೂಟರ್ ಎಬ್ಬಿಸಿದೆ.

ಆ ದಿನ ನಾನು ಓಡಿಸಿದ್ದು ಸ್ಕೂಟರಲ್ಲ, ನನ್ನ ಹೊಟ್ಟೆಯೊಳಗಿನ ಬೆಂಕಿಯನ್ನು. ಸಿಗ್ನಲ್ ಕೆಂಪಿತ್ತು, ಇರಲಿ. ಒನ್ ವೇ ಉಲ್ಟಾ ಇತ್ತು, ಇರಲಿ. ಒಬ್ಬ ತರಕಾರಿ ಗಾಡಿಯವನು ನನ್ನ ಏಳು ತಲೆಮಾರನ್ನು ಎಬ್ಬಿಸಿ ಬೈದ. ನಾನು ಎಂಟನೆಯದನ್ನೂ ಸೇರಿಸಿ ವಾಪಸ್ ಕೊಟ್ಟೆ. ಪೈಪು ಹಾಕಲು ರಸ್ತೆ ಅಗೆದಿದ್ದರು. ಮಣ್ಣಿನ ಗುಡ್ಡದ ಮೇಲೆ ಹತ್ತಿಸಿ ಇಳಿಸಿದೆ. ಬೆನ್ನುಮೂಳೆ "ಇನ್ನು ಸಾಕು" ಅಂದಿತು. ಅದಕ್ಕೂ ಬೈದೆ.

ಟೀಚರ ಮನೆ. ಗೇಟು. ಬಾಗಿಲಲ್ಲೇ ಟೀಚರು, ಕೈಯಲ್ಲಿ ಪೇಪರು.

"ಓ, ನೀನಾ ಮಗಾ! ಬಾ ಬಾ. ಊಟ ಮಾಡಿದ್ಯಾ?"

"ಅವಳೆಲ್ಲಿ ಟೀಚರ್?"

"ಚಳಿನಾ? ಇಷ್ಟು ಬಿಸಿಲಲ್ಲಿ?"

"ತಂಗಿ! ತಂಗಿ!"

"ತಿಂಡಿ ಇಲ್ಲ ಕಣೇ, ಅನ್ನ ಇದೆ."

ಮೆಟ್ಟಿಲು ಮೂರು ಮೂರು ಹಾರಿದೆ. ಬಾಗಿಲು ತಳ್ಳಿದೆ.

ತಂಗಿ ಕಿಟಕಿಯ ಪಕ್ಕ ಕೂತಿದ್ದಳು. ಮಡಿಲಲ್ಲಿ ಲ್ಯಾಪ್‌ಟಾಪು. ಅದರ ಸೊಂಟದಲ್ಲಿ ನಾನು ಕೊಡಿಸಿದ ಡಾಂಗಲು, ಹಸಿರು ದೀಪ ಮಿಣುಮಿಣು.

"ಅಕ್ಕಾ! ಸ್ವಲ್ಪ ಬೇಗ ಮುಗೀತು, ಈಗ ತಾನೇ ಕಳಿಸ್ದೆ" ಅಂದಳು. ಎಷ್ಟೋ ದಿನದ ಮೇಲೆ ಮುಖದಲ್ಲಿ ಸಣ್ಣ ನಗು. "ನೋಡು, ಓನರ್ ಥ್ಯಾಂಕ್ಸ್ ಅಂತ..."

ಡಾಂಗಲ್ ಕಿತ್ತು ಗೋಡೆಗೆಸೆದೆ.

ತಡವಾಗಿತ್ತು. ಸ್ಕ್ರೀನಿನ ಮೂಲೆಯಲ್ಲಿ ಪುಟ್ಟ ಚೌಕ. ನಿಮ್ಮ ಸಂಸ್ಥೆ ನಿಮಗಾಗಿ ಹೊಸ ಆ್ಯಪ್ ಹಾಕಿದೆ ಅಂತ. ಎಷ್ಟು ವಿನಯ! ಕೆಳಗೆ, ಗಡಿಯಾರದ ಪಕ್ಕ, ಕೆಂಪು ಚುಕ್ಕೆಯ ಚಿತ್ರ.

"ಏನದು?" ಅಂದಳು ತಂಗಿ. ಆಮೇಲೆ ತಾನೇ ಓದಿದಳು. ಅವಳ ಮುಖದ ನಗು ಬಟ್ಟೆ ಜಾರಿದ ಹಾಗೆ ಜಾರಿತು. ಎದ್ದಳು. ಕಿಟಕಿಯ ಪರದೆ ಎಳೆದಳು. ಆಮೇಲೆ ಮೂಲೆಯಲ್ಲಿ, ಗೋಡೆಗೆ ಬೆನ್ನು ಹಚ್ಚಿ ಕೂತು, ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡಳು. ಇದೆಲ್ಲ ಅವಳಿಗೆ ಅಭ್ಯಾಸವಾಗಿತ್ತು. ಅದನ್ನು ನೋಡಿ ನನಗೆ... ಬಿಡಿ.

ಮೇಸ್ತ್ರಿಗೆ ಫೋನ್ ಹಚ್ಚಿದೆ.

"ಬಂದ್ನಾ?"

"ಬಂದ ತಾಯಿ. ಕೈಯಲ್ಲಿ ಕ್ಯಾನು. ಮೇಲೆ ಹೋದ್ಲು ಅಂದೆ. ಈಗ ತಾನೇ ಲಿಫ್ಟ್ ಹತ್ತಿದ."

"ಚುಕ್ಕೆ ಜಿಗಿದಿದೆ ಮೇಸ್ತ್ರಿ! ಇವಳ ನಿಜವಾದ ಜಾಗಕ್ಕೆ ಬಂದುಬಿಟ್ಟಿದೆ! ಅವನು ಫೋನ್ ನೋಡಿದ್ನಾ?"

"ನೋಡ್ತಾನೇ ಇದ್ದಾನೆ. ಲಿಫ್ಟಿನ ಕ್ಯಾಮೆರಾದಲ್ಲಿ ಕಾಣ್ತಿದೆ. ಮೇಲೆ ಎತ್ತಿ ಹಿಡಿದು ಅಲ್ಲಾಡಿಸ್ತಿದ್ದಾನೆ."

"ಯಾಕೆ?"

"ಬಾಗಿಲು ಹಾಕಿದ ಮೇಲೆ ಒಳಗೆ ಸಿಗ್ನಲ್ ಎಲ್ಲಿ ತಾಯಿ? ಕಬ್ಬಿಣದ ಪೆಟ್ಟಿಗೆ ಅದು!"

ಪೆಟ್ಟಿಗೆಯೊಳಗೆ ಅವನ ಕೈಯಲ್ಲಿದ್ದದ್ದು ಹಳೇ ಚುಕ್ಕೆ. ಬಾಗಿಲು ತೆರೆದ ಮರುಗಳಿಗೆ ಹೊಸದು ಸಿಗುತ್ತದೆ.

"ನಿಲ್ಸು!"

"ಯಾವ ಮಹಡೀಲಿ?"

"ಯಾವ ಮಹಡಿಯೂ ಬೇಡ!!"

ಫೋನಿನಲ್ಲಿ ಟಕ್ ಅಂತ ಒಂದು ಸದ್ದು. ಆಮೇಲೆ ಮೇಸ್ತ್ರಿಯ ದನಿ, ನಿಧಾನವಾಗಿ, ಊಟ ಮುಗಿಸಿ ಕೈ ತೊಳೆದವನ ಹಾಗೆ.

"ಏಳಕ್ಕೂ ಎಂಟಕ್ಕೂ ನಡುವೆ."

ನಾನು ನೆಲದ ಮೇಲೆ ಕೂತೆ.

ಕನ್ನಡಕ ಎಲ್ಲಿ ಅಂತ ಕೇಳಿದೆ. ಕಟ್ಟಡದ ಹಿಂದೆ ಮರಳಿನ ರಾಶಿಯ ಮೇಲೆ ಕೂತು ವಾಂತಿ ಮಾಡುತ್ತಿದ್ದನಂತೆ. ಹನ್ನೆರಡು ಮಹಡಿ ಇಳಿದ ಮೇಲೆ ಹೆದರಿಕೊಳ್ಳಲು ಬಿಡುವು ಸಿಕ್ಕಿತ್ತು ಪಾಪ. ಅವನ ಬಗ್ಗೆ ಇನ್ನು ಯಾರಾದರೂ ನಗಲಿ, ಹಲ್ಲು ಉದುರಿಸುತ್ತೇನೆ.

ಹಳೇ ಸ್ಟೇಷನ್ನಿಗೆ ಮತ್ತೆ ಹಚ್ಚಿದೆ. ಈ ಸಲ ಗಂಡ ಅನ್ನಲಿಲ್ಲ, ಹೆಂಡತಿ ಅನ್ನಲಿಲ್ಲ.

"ಕಟ್ಟಡದ ಲಿಫ್ಟಲ್ಲಿ ಒಬ್ಬ ಆಸಿಡ್ ಕ್ಯಾನ್ ಹಿಡ್ಕೊಂಡು ನಿಂತಿದ್ದಾನೆ. ಕ್ಯಾಮೆರಾದಲ್ಲಿ ರೆಕಾರ್ಡ್ ಆಗ್ತಿದೆ. ನೀವು ಬರ್ತೀರೋ, ಈ ಚಿತ್ರಾನ ಊರಿಗೆಲ್ಲ ಹಂಚ್ಲೋ?"

ಎರಡು ಜೀಪು ಹೊರಟವು. ಹೆಂಗಸಿನ ಬೆನ್ನಿಗೆ ಬಾರದ ಜೀಪು, ಕ್ಯಾನಿಗೆ ಬಂತು.

ಕೆಳಗೆ ಟೀಚರು ಯಾರಿಗೋ ಅನ್ನ ಬಡಿಸುತ್ತ ಪಾತ್ರೆ ಸದ್ದು ಮಾಡುತ್ತಿದ್ದರು. ನನಗೇ ಇರಬೇಕು.

"ಅಕ್ಕ" ಅಂದಳು ತಂಗಿ. ಅಂಗೈ ಇನ್ನೂ ಮುಖದ ಮೇಲಿತ್ತು. "ಒಳಗೆ... ಅವನಿಗೆ ಉಸಿರಾಡೋಕೆ ಆಗುತ್ತಾ?"

ನನಗೆ ಎಲ್ಲಿತ್ತೋ ಸಿಟ್ಟು! ಎದ್ದುನಿಂತೆ. ಬಾಯಿ ತೆರೆದೆ. ನಿನ್ನ ಬೆನ್ನು ನೋಡ್ಕೊಂಡಿದ್ದೀಯೇನೇ ಅನ್ನುವವಳಿದ್ದೆ. ಅಷ್ಟರಲ್ಲಿ ಅವಳೇ ಕೈ ಇಳಿಸಿದಳು. ಕಣ್ಣು ಒರೆಸಿಕೊಂಡಳು. ದನಿ ಬೇರೆಯಾಗಿತ್ತು. ನಕ್ಷೆ ಓದುವ ದನಿ.

"ಆಗುತ್ತೆ. ಬಾಗಿಲ ಮೇಲೆ, ಕೆಳಗೆ ಗಾಳಿ ಕಿಂಡಿ ಇದೆ. ನಾನೇ ಬರ್ದಿದ್ದು." ಸ್ವಲ್ಪ ತಡೆದು ಅಂದಳು: "ಎಷ್ಟು ಹೊತ್ತು ಬೇಕಾದ್ರೂ ಇರಬಹುದು."

ಅವಳ ಬ್ಯಾಗು ನಾನು ತುಂಬಿದೆ. ಲ್ಯಾಪ್‌ಟಾಪನ್ನು ಅವಳೇ ಮುಚ್ಚಿ ಟೀಚರ ಮಂಚದ ಕೆಳಗೆ ತಳ್ಳಿದಳು. ಚುಕ್ಕೆ ಬೇಕಾದರೆ ಅಲ್ಲೇ ಬಿದ್ದಿರಲಿ.

ಮೆಟ್ಟಿಲಿಳಿಯುವಾಗ ಮೇಸ್ತ್ರಿಯ ಫೋನು.

"ತಾಯಿ, ಲಿಫ್ಟೊಳಗಿನ ಎಮರ್ಜೆನ್ಸಿ ಬಟನ್ ಒತ್ತಿದ್ದಾನೆ. ಸ್ಪೀಕರಲ್ಲಿ ಬಡ್ಕೋತಿದ್ದಾನೆ. ಪೊಲೀಸರು ಗೇಟಿಗೆ ಬಂದ್ರು, ಇನ್ನು ಐದು ನಿಮಿಷ. ಅಷ್ಟೊತ್ತು ಏನ್ ಹೇಳ್ಲಿ?"

"ಫೋನನ್ನ ಸ್ಪೀಕರಿಗೆ ಹಿಡಿ. ನಾನು ಮಾತಾಡ್ತೀನಿ."

ಗರಗರ ಸದ್ದು. ಆಮೇಲೆ ಅವನ ದನಿ. ಬೆಣ್ಣೆ ಕರಗಿಹೋಗಿ ಬರೀ ಕತ್ತಿ ಉಳಿದಿತ್ತು.

"ಹಲೋ! ಯಾರ್ರೀ ಅಲ್ಲಿ? ಲಿಫ್ಟ್ ಕೆಟ್ಟು ಎಷ್ಟೊತ್ತಾಯ್ತು! ಮೆಕ್ಯಾನಿಕ್ ಎಲ್ಲಿ ಸತ್ತಿದ್ದಾನೆ?"

ತಂಗಿ ನನ್ನ ಪಕ್ಕದಲ್ಲಿ ನಿಂತಳು. ಅವಳ ಕೈ ನನ್ನ ತೋಳನ್ನು ಹಿಡಿದಿತ್ತು, ಉಗುರು ಇಳಿಯುವಷ್ಟು ಬಿಗಿಯಾಗಿ.

"ಮೆಕ್ಯಾನಿಕ್ ಇಲ್ಲೇ ನನ್ನ ಪಕ್ಕದಲ್ಲಿ ನಿಂತಿದ್ದಾಳೆ ಕಣಪ್ಪಾ" ಅಂದೆ. "ಇವತ್ತು ಬೆಳಿಗ್ಗೆ ನೀನೇ ಕೆಲಸಕ್ಕೆ ಸೇರಿಸಿದ್ಯಲ್ಲ... ರಿಪೇರಿಗೆ ಬರಲ್ವಂತೆ!"